ಸಾಹುಕಾರರು ಹಾದಿಯಲ್ಲಿ ನಿಂತ ಫೋಟೋ

ಪತ್ರಕರ್ತ, ವರದಿಗಾರ, ಬಾತ್ಮೀದಾರ, ಸುದ್ದಿ ಛಾಯಾಗ್ರಾಹಕ. ಈ ಮಾತುಗಳನ್ನೆಲ್ಲ ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಕಲಿತೆ. ನಮ್ಮ ಕೇರಿಯ ಮೊದಲ ಬಿ.ಎ. ನಾನು. ರಜೆಯಲ್ಲಿ ಕಬ್ಬು ಕಡಿದು, ಅದೇ ಕೈಯಲ್ಲಿ ಪೆನ್ನು ಹಿಡಿದು ಪಾಸಾದವನು; ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅವ್ವನಿಗೆ ಈ ಮಾತುಗಳು ಬೇಕಿರಲಿಲ್ಲ. ಬರೆಯುವವನು ಅವಳಿಗೆ 'ಪೇಪರಿನಾಂವ', ಚಿತ್ರ ತೆಗೆಯುವವನು 'ಫೋಟೋದಾಂವ'. ಇಬ್ಬರನ್ನೂ ಕಣ್ಣಾರೆ ಕಂಡ ಮೇಲೆ ಇಬ್ಬರಿಗೂ ಸೇರಿಸಿ ಒಂದೇ ಹೆಸರಿಟ್ಟಳು: 'ಚಹಾದಾವ್ರು'. ನನ್ನ ಬಿ.ಎ.ಯಲ್ಲಿ ಅದಕ್ಕಿಂತ ಸರಿಯಾದ ಮಾತು ಸಿಕ್ಕಿಲ್ಲ.

ನಮ್ಮೂರು ಬೇಡಕಿಹಾಳದಿಂದ ದೂರವಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಾಹುಕಾರರ ಮನೆಯಲ್ಲಿ ಮದುವೆಯೆಂದರೆ ಕಟ್ಟಿಗೆ ಒಡೆಯಲು, ಅಂಗಳ ಸಾರಿಸಲು, ಎಂಜಲೆಲೆ ತೆಗೆಯಲು ನಮ್ಮ ಕೇರಿಯವರು ಬಿಟ್ಟಿ ಹೋಗಬೇಕಿತ್ತು. ಆ ವರ್ಷ ನಾವು ಹುಡುಗರೆಲ್ಲ ಸೇರಿ ಆಗದು ಎಂದೆವು. ಮದುವೆ ಮುಗಿದ ಮರುದಿನವೇ ನಮ್ಮ ಬಾವಿಯ ಹಾದಿಗೆ ಜಾಲಿಮುಳ್ಳು ಬಿತ್ತು. ಹಾದಿ ಅವರ ಕಬ್ಬಿನ ಹೊಲದ ಬದುವಿನ ಮೇಲೆ ಹಾಯುತ್ತಿತ್ತು. ನಮ್ಮ ಅಜ್ಜಂದಿರ ಕಾಲದಿಂದ ನಡೆದ ಹಾದಿ.

ಹೆಂಗಸರು ಹಳ್ಳ ಇಳಿದು ಹತ್ತಿ, ಯಾರ್ಯಾರದೋ ಹೊಲ ಸುತ್ತಿ ನೀರು ತರತೊಡಗಿದರು. ಅವ್ವನ ಮೊಣಕಾಲು ಮೊದಲೇ ಹೋಗಿತ್ತು. ನಾನು ಕೊಡ ಹೊತ್ತರೆ ಬೈದು ಇಳಿಸುತ್ತಿದ್ದಳು. "ಬಿ.ಎ. ಮಾಡಿ ನೀರ ಹೊರತೀಯೇನೋ? ಮಂದಿ ನಗಬೇಕಲ್ಲ!" ಬೇಸಿಗೆಯೊಳಗೆ ಆ ಹಾದಿ ತೆರೆಯದಿದ್ದರೆ ಅವಳು ಹಾಸಿಗೆ ಹಿಡಿಯುವುದು ಖಂಡಿತವಿತ್ತು.

ಊರ ಲೆಕ್ಕಪತ್ರ ನೋಡುವ ತಲಾಠಿಗೆ ಹೇಳಿದೆವು. "ನೋಡೋಣು" ಎಂದ. ಪೇಪರಿನಲ್ಲಿ ಬಂದರೆ ತಹಶೀಲ್ದಾರರೇ ಓಡಿ ಬರುತ್ತಾರೆ ಎಂದು ಕೇರಿಗೆ ಹೇಳಿ, ನಾನೇ ಬರೆದುಕೊಂಡು ಚಿಕ್ಕೋಡಿಗೆ ಹೋದೆ.

ಆಗ ನಮ್ಮ ಕಡೆ ವರದಿಗಾರನೆಂದರೆ ಪೇಪರಿನ ಏಜೆಂಟನೇ. ಬೆಳಿಗ್ಗೆ ಪೇಪರು ಹಂಚಿಸಿ, ಮಧ್ಯಾಹ್ನ ಗೊಬ್ಬರದ ಅಂಗಡಿಯಲ್ಲಿ ಕೂತು, ಸಂಜೆ ಸುದ್ದಿಯ ಲಕೋಟೆಯನ್ನು ಬೆಳಗಾವಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ. ಪೇಪರು ತರಿಸುವವರು, ಗೊಬ್ಬರ ಒಯ್ಯುವವರು ಸಾಹುಕಾರರೇ ಆದಾಗ ಸುದ್ದಿ ಯಾರ ಕಡೆ ವಾಲುತ್ತದೆಂದು ನನಗಾಗ ತಿಳಿಯಬೇಕಿತ್ತು.

ನನ್ನ ಹಾಳೆ ಓದಿ, "ಅಕ್ಷರ ಚಲೋ ಅದಾವ. ಬಿ.ಎ. ಏನು?" ಎಂದ.

"ಹೌದ್ರಿ."

"ಯಾವ ಕೇರಿ?"

ಹೇಳಿದೆ. ಹಾಳೆಯನ್ನು ಗೊಬ್ಬರದ ಚೀಲದ ಮೇಲೆ ಒಗೆದ. "ಫೋಟೋದಾಂವನ್ನ ಕರಕೊಂಡ ಬರ್ತೀನಿ. ಫೋಟೋ ಇದ್ರ ಬಾತ್ಮಿಗೆ ತೂಕ."

"ಬರೂ ಮುಂದ ಯಾರಿಗೂ ಹೇಳಬ್ಯಾಡ್ರಿ. ಮುಳ್ಳ ತಗದಬಿಡ್ತಾರ."

"ನಮಗ ಕಲಸಾಕ ಬಂದೀಯೇನಲೇ, ಬಿ.ಎ.?"

ಫೋಟೋದವನು ನಿಪ್ಪಾಣಿಯ ಸ್ಟುಡಿಯೋದವನು. ಮದುವೆಯ ರೀಲಿನಲ್ಲಿ ಉಳಿದ ತುದಿಯನ್ನು ಸುದ್ದಿಗೆ ಬಳಸುವುದು ಅವನ ಪದ್ಧತಿ. ಇಬ್ಬರೂ ಒಂದೇ ಮೋಟರ್‌ಸೈಕಲ್ಲಿನ ಮೇಲೆ ಬಂದರು, ಬಂದವರು ನೇರ ಸಾಹುಕಾರರ ಮನೆಗೆ ಹೋದರು. ಊರಿಗೆ ಬಂದ ಪೇಪರಿನವರು ಮೊದಲು ದೊಡ್ಡ ಮನೆಯ ಚಹಾ ಕುಡಿಯಬೇಕೆಂಬುದು ಎಲ್ಲಿಯ ಕಾನೂನೋ ನನಗೆ ತಿಳಿಯದು. ಕೊಡ ಹಿಡಿದು ಮುಳ್ಳಿನ ಹತ್ತಿರ ಕಾಯುತ್ತಿದ್ದ ನಮ್ಮ ಕಣ್ಣೆದುರಿಗೇ ಸಾಹುಕಾರರ ಆಳು ಬಂದು ಕವೆಗೋಲಿನಿಂದ ಮುಳ್ಳನ್ನು ಕಬ್ಬಿನೊಳಗೆ ದಬ್ಬಿದ. ಚಹಾ ಮುಗಿಯಿತು, ಮುಳ್ಳೂ ಮುಗಿಯಿತು. ಆಮೇಲೆ ಸಾಹುಕಾರರು ಗಂಜಿ ಹಾಕಿದ ಧೋತರ, ಬಿಳಿ ಟೋಪಿಯಲ್ಲಿ, ಆ ಇಬ್ಬರ ನಡುವೆ ನಡೆದು ಬಂದರು.

"ಸಾವಕಾರ್ರು ನಡುವ ನಿಂದರ್ರಿ. ಹೆಣ್ಮಕ್ಕಳು ಹಿಂದ. ಕೊಡಾ ಕಾಣ್ಲಿ! ಜರಾ ಹಸಾ! ಏ ಮುದುಕಿ, ನಗಬೇ!" ಎಂದು ಫೋಟೋದವ ಮರಾಠಿ ಕನ್ನಡ ಕೂಡಿಸಿ ಕೂಗಿದ.

"ಹಲ್ಲಿಲ್ಲೋ ಯಪ್ಪಾ, ಏನ ನಗಲಿ?" ಎಂದಳು ಅವ್ವ. ಹೆಂಗಸರೆಲ್ಲ ಗೊಳ್ಳೆಂದರು. ಅಷ್ಟೇ ಅವನಿಗೆ ಬೇಕಿತ್ತು.

"ಮುಳ್ಳಿನ ಫೋಟೋ ತಗೀರಿ, ಅಕಾ ಅಲ್ಲೇ ಕಬ್ಬಿನ್ಯಾಗ ಬಿದ್ದೈತಿ," ಎಂದೆ.

"ಮುಳ್ಳಿನ ಫೋಟೋ ಯಾರ ನೋಡ್ತಾರಲೇ?" ಎಂದ ಪೇಪರಿನವ.

ಇನ್ನೊಂದು ಫೋಟೋಕ್ಕೆ ಸಾಹುಕಾರರು ಅವ್ವನ ಕೊಡಕ್ಕೆ ಕೈ ಹಚ್ಚಬೇಕಾಯಿತು. ಬೆರಳತುದಿ ಮುಟ್ಟಿಸಿದರು, ಆಮೇಲೆ ಅದೇ ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. ಒರೆಸಿಕೊಂಡದ್ದು ಕ್ಯಾಮೆರಾಕ್ಕೆ ಕಾಣಲಿಲ್ಲ, ನನಗೆ ಕಂಡಿತು.

ಸಂಜೆಗೆ ಮುಳ್ಳು ಮತ್ತೆ ಹಾದಿಗೆ ಬಂತು, ಮೊದಲಿಗಿಂತ ದಟ್ಟವಾಗಿ.

ಮದುವೆಯವರ ರೀಲು ತೊಳೆದು ಫೋಟೋ ಅಚ್ಚಾಗುವ ಹೊತ್ತಿಗೆ ಬಹಳ ದಿನ ಹೋದವು. ಪೇಪರಿನಲ್ಲಿ ಸಾಹುಕಾರರು ಹಾದಿಯ ನಡುವೆ ನಿಂತಿದ್ದರು, ಹಿಂದೆ ನಗುವ ಹೆಂಗಸರು. ಮಹಿಳೆಯರ ನೀರಿನ ಹಾದಿಗೆ ಸ್ವಂತ ಹೊಲ ಬಿಟ್ಟುಕೊಟ್ಟ ಪ್ರಗತಿಪರ ರೈತ ಎಂದು ಬರೆದಿತ್ತು. ಸಾಹುಕಾರರು ಪೇಪರಿನ ಕಟ್ಟನ್ನೇ ತರಿಸಿ ಬೀಗರಿಗೆಲ್ಲ ಹಂಚಿದರು, ಒಂದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ತಹಶೀಲ್ದಾರರು ಕೈ ಕುಲುಕಿದರೆಂದೂ ಸುದ್ದಿ ಬಂತು. ನಾನು ಪೇಪರು ಹರಿಯಲು ಹೋದೆ.

ಅವ್ವ ಕೈ ಹಿಡಿದಳು. "ಹರೀಬ್ಯಾಡ. ಇನ್ನೊಮ್ಮೆ ಓದು. ಹೊಲಾ ಬಿಟ್ಟಕೊಟ್ಟಾನಂತ ಬರದೈತಿ?"

"ಬರದೈತಿ. ಸುಳ್ಳ ಅದು."

"ಸುಳ್ಳ ಅಂತ ಸಾವಕಾರಗ ತನ್ನ ಬಾಯಿಲೆ ಹೇಳಾಕ ಬರತೈತೇನು?"

ಹೆಂಗಸರನ್ನು ಕರೆದುಕೊಂಡು, ಕುಂಟುತ್ತ ಸಾಹುಕಾರರ ಮನೆಗೆ ನಡೆದಳು. ಪೇಪರು ಹಿಡಿದು ನಾನು ಹಿಂದೆ. ಕಟ್ಟೆಯ ಮೇಲೆ ರಾಯಬಾಗದಿಂದ ಬಂದ ಬೀಗರು ಕೂತಿದ್ದರು. ಅದು ಒಳ್ಳೆಯದೇ ಆಯಿತು.

"ಸಾವಕಾರ್ರ, ನಮಗ ಹೊಲಾ ಬಿಟ್ಟಕೊಟ್ಟೀರಂತ, ನಮ್ಮ ಹುಡುಗ ಪೇಪರ ಓದಿ ಹೇಳ್ದ. ಪುಣ್ಯಾ ಬರಲ್ರಿ ನಿಮಗ. ಆದ್ರ ಯಾರೋ ಹಾದಿಗೆ ಮುಳ್ಳ ಹಾಕ್ಯಾರಲ್ರಿ! ನಿಮ್ಮ ಹೆಸರ ಕೆಡಸಾಕ ಮಾಡ್ಯಾರ ನೋಡ್ರಿ."

ಬೀಗರಲ್ಲಿ ಹಿರಿಯರೊಬ್ಬರು ನನ್ನ ಕೈಯ ಪೇಪರಿನಲ್ಲಿದ್ದ ಫೋಟೋ ನೋಡಿದರು, ಸಾಹುಕಾರರ ಮುಖ ನೋಡಿದರು. "ಯಾರ್ರಿ ಅವ್ರು, ಹಿಂತಾ ಕೆಲಸಾ ಮಾಡಿದಾವ್ರು?"

ಸಾಹುಕಾರರು ಕೆಂಪಾಗಿ ಎದ್ದು ನಿಂತು ತಮ್ಮ ಆಳಿಗೇ ಒದರಿದರು. "ಯಾವನಲೇ ಮುಳ್ಳ ಹಾಕಿದಾಂವ? ಹೋಗ, ಈಗಿಂದೀಗ ತಗಿ!" ಹಾಕಿದವನು ಅವನೇ. ಕವೆಗೋಲು ತೆಗೆದುಕೊಂಡು ಹೊರಟ. ಆಮೇಲೆ ಆ ಹಾದಿಗೆ ಮುಳ್ಳು ಬೀಳಲಿಲ್ಲ.

ಕೆಲವು ದಿನಗಳಾದ ಮೇಲೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಪೇಪರಿನವ ಸಿಕ್ಕ. "ಏನೋ ಬಿ.ಎ.! ನಮ್ಮ ಬಾತ್ಮಿಯಿಂದ ಹಾದಿ ಆತಲ್ಲ?"

"ಸುಳ್ಳ ಬರದ್ರಿ, ಅದಕ್ಕ ಆತು."

"ಖರೇ ಬರದಿದ್ರ ಆಗತಿತ್ತೇನು?" ಎಂದು ನಕ್ಕು ಲಕೋಟೆ ಹಿಡಿದು ಬಸ್ಸಿನ ಕಡೆ ಹೋದ.

ಊರಿಗೆ ಬಂದವನು ನೇರ ಅವ್ವನ ಹತ್ತಿರ ಹೋದೆ. ಅವ್ವ ಬಚ್ಚಲ ಒಲೆಗೆ ಅದೇ ಜಾಲಿಮುಳ್ಳು ತುರುಕಿ ನನ್ನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. "ಹಾದಿ ನಮ್ಮದಿತ್ತಬೇ. ಅಂವಾ ಬರದ ಮ್ಯಾಲ ಸಾವಕಾರಂದು ದಾನಾ ಆತು," ಎಂದೆ.

"ದಾನಾ ಅನ್ಲಿ ಬಿಡೋ. ನೀರ ಬಂತಲ್ಲ."

ಅವಳು ಬಿಟ್ಟಳು. ನಾನು ಬಿಟ್ಟಿಲ್ಲ.