ದೊರೆಸಾನಿಯ ಎಡ ಮುಂಗಾಲು

ಸವಾರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಕುದುರೆ ಹತ್ತುವುದನ್ನು ಕಲಿಸುತ್ತಿದ್ದ ಮೇಷ್ಟ್ರಿಗೆ ಜನ ಇಟ್ಟ ಹೆಸರು ಗಡಿಬಿಡಿ. ಮೊದಲು ಇಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಹೆಸರು ಒಪ್ಪುವುದಿಲ್ಲ ಎಂದು ಇದುವರೆಗೆ ಯಾರೂ ತಕರಾರು ತೆಗೆದಿಲ್ಲ, ಅವನೂ ತೆಗೆದಿಲ್ಲ. ಒಂದು ಕೈಯಲ್ಲಿ ಹಲ್ಲುಜ್ಜುತ್ತ ಇನ್ನೊಂದು ಕೈಯಲ್ಲಿ ಬೂಟು ಏರಿಸುವ ಮನುಷ್ಯ ಅವನು. ಹಾಲು ಕುದಿಯುವ ಮೊದಲೇ ಇಳಿಸುತ್ತಾನೆ, ಬಸ್ಸು ನಿಲ್ಲುವ ಮೊದಲೇ ತಾನು ಇಳಿಯುತ್ತಾನೆ, ಎದುರಿನವರ ಮಾತು ಮುಗಿಯುವ ಮೊದಲೇ 'ಗೊತ್ತಾಯ್ತು ಗೊತ್ತಾಯ್ತು' ಅನ್ನುತ್ತಾನೆ. ಗೊತ್ತಾಗಿರುವುದಿಲ್ಲ. ತನ್ನ ಮದುವೆಯ ದಿನ ಛತ್ರದ ಬೀಗ ತೆಗೆಯುವವನು ಬರುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ ಎಂದು ತಾನೇ ಹೇಳಿಕೊಂಡು ನಗುತ್ತಾನೆ. ಹೆಂಡತಿ ಆ ಕತೆಗೆ ನಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ಇಂಥವನ ಪಾಲಿಗೆ ಒಂಬತ್ತು ತಿಂಗಳು ನಿಧಾನವಾಗಿ ನಡೆಯುವ ಕೆಲಸ ಬಂತು. ತಂದುಕೊಂಡವನೂ ಅವನೇ.

ರಾತ್ರಿಯೆಲ್ಲ ಮಳೆ ಸುರಿದ ಮರುದಿನ ಬೆಳಗ್ಗೆ ಸವಾರಿಯ ಅಂಗಳ ಕೆಸರಾಗಿತ್ತು. ಶಾಲೆಯ ಯಜಮಾನಿ, ಮಧ್ಯಾಹ್ನದವರೆಗೆ ಕಾದು ನೆಲ ಒಣಗಿದ ಮೇಲೆ ಪಾಠ ಶುರು ಮಾಡಿ ಎಂದು ಹೇಳಿಯೇ ಪೇಟೆಗೆ ಹೋಗಿದ್ದಳು. ಗಡಿಬಿಡಿ ಬೂಟಿನ ತುದಿಯಿಂದ ನೆಲವನ್ನು ಎರಡು ಸಲ ಒದ್ದು ನೋಡಿ, ಮೇಲೆ ಗಟ್ಟಿಯಾಗಿದೆ ಎಂದು ತೀರ್ಪು ಕೊಟ್ಟ. ಕಂದು ಬಣ್ಣದ ಹೆಣ್ಣು ಕುದುರೆ ದೊರೆಸಾನಿಯನ್ನು ಹೊರಗೆ ತಂದು ಹತ್ತಿದ. ಎರಡನೇ ಸುತ್ತಿನ ಮೂಲೆಯಲ್ಲಿ ಅವಳ ಎಡ ಮುಂಗಾಲು ಕೆಸರಿನಲ್ಲಿ ಹೂತುಕೊಂಡಿತು. ಅವಳು ಕಿತ್ತುಕೊಂಡು ಮುಂದೆ ಬಂದಳು, ಆದರೆ ಮರುದಿನ ಆ ಕಾಲನ್ನು ನೆಲಕ್ಕೆ ಊರಲಿಲ್ಲ.

ದೊರೆಸಾನಿಗೆ ಹದಿನಾಲ್ಕು ವರ್ಷ. ಜೀವಮಾನದಲ್ಲಿ ಮೊದಲ ಸಲ ಕುದುರೆ ಹತ್ತುವವರನ್ನೆಲ್ಲ ಅವಳ ಬೆನ್ನ ಮೇಲೇ ಕೂರಿಸುತ್ತಿದ್ದರು. ಯಾರಾದರೂ ವಾಲಿದರೆ ತಾನೇ ಆ ಕಡೆಗೆ ಒಂದು ಹೆಜ್ಜೆ ಸರಿದು ಅವರನ್ನು ನೇರ ಮಾಡುವಷ್ಟು ಒಳ್ಳೆಯವಳು. ಇವನಿಗಿಂತ ಒಳ್ಳೆಯ ಮೇಷ್ಟ್ರು ಅವಳೇ ಎಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇವನಿಗೂ ಗೊತ್ತಿತ್ತು.

ಪಶುವೈದ್ಯರು ಬಂದು ಯಂತ್ರ ಇಟ್ಟು ಕಾಲಿನೊಳಗಿನ ಚಿತ್ರ ತೋರಿಸಿದರು. ಕಾಲಿನ ಹಿಂಬದಿಯಲ್ಲಿ ಎಲುಬು ಹಿಡಿದಿಡುವ ನಾರು, ಲಿಗಮೆಂಟಿನ ನಡುವೆ ಒಂದು ಕಪ್ಪು ಚುಕ್ಕೆ.

"ಹಗ್ಗದ ಎಳೆ ಬಿಚ್ಚಿದ ಹಾಗೆ ಇದು. ಒಂದೊಂದೇ ಎಳೆ ಕೂಡ್ಕೋಬೇಕು. ಅವಸರ ಮಾಡಿದ್ರೆ ಮತ್ತೆ ಮೊದಲಿಂದ" ಎಂದರು ಅವರು.

ವೈದ್ಯರು ಹೇಳಿದ್ದು ಕುದುರೆಯ ವಿಷಯ. ಆದರೆ ಅಲ್ಲಿದ್ದವರೆಲ್ಲ ನೋಡಿದ್ದು ಗಡಿಬಿಡಿಯ ಮುಖವನ್ನು. ಅವನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ. ಅವತ್ತು ಹಾಕಿದ್ದು ದಾರವಿಲ್ಲದ ಬೂಟು.

ಯಜಮಾನಿ ಕೆಟ್ಟವಳಲ್ಲ, ಸುತ್ತುಬಳಸಿ ಮಾತಾಡುವವಳೂ ಅಲ್ಲ. ಲಾಯದಲ್ಲಿ ಇರುವುದೇ ಒಂಬತ್ತು ಕೋಣೆ, ಕೆಲಸ ಮಾಡಲಾಗದ ಕುದುರೆಗೆ ಒಂದನ್ನು ಕಾಯಂ ಬಿಟ್ಟುಕೊಡಲಾರೆ ಎಂದಳು. ಒಂಬತ್ತು ತಿಂಗಳು ಕಾಯುತ್ತೇನೆ, ಆಮೇಲೂ ಕುಂಟಿದರೆ ಅವಳು ವ್ಯಾಪಾರಿಯ ಲಾರಿ ಹತ್ತಬೇಕಾಗುತ್ತದೆ ಎಂದಳು. ಕುಂಟು ಕುದುರೆಯನ್ನು ವ್ಯಾಪಾರಿ ಎಲ್ಲಿಗೆ ಒಯ್ಯುತ್ತಾನೆ ಎಂಬುದು ಲಾಯದಲ್ಲಿ ಎಲ್ಲರಿಗೂ ತಿಳಿದದ್ದೇ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳ ಆರೈಕೆಯೆಲ್ಲ ನನಗೇ ಬಿಡಿ ಎಂದು ಗಡಿಬಿಡಿ ಕೇಳಿಕೊಂಡ. ಯಜಮಾನಿ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಆಯಿತು ಎಂದಳು.

ವೈದ್ಯರು ಬರೆದುಕೊಟ್ಟ ಪಟ್ಟಿಯನ್ನು ಲಾಯದ ಬಾಗಿಲಿಗೆ ಮೊಳೆ ಹೊಡೆದು ಸಿಕ್ಕಿಸಿದರು. ಮೊದಲ ತಿಂಗಳು ಕುದುರೆ ಹೊರಗೆ ಬರುವಂತಿಲ್ಲ. ದಿನಕ್ಕೆರಡು ಸಲ, ಇಪ್ಪತ್ತಿಪ್ಪತ್ತು ನಿಮಿಷ, ಕಾಲಿಗೆ ತಣ್ಣೀರು. ಎರಡನೇ ತಿಂಗಳಿಂದ ಹಗ್ಗ ಹಿಡಿದು ನಡೆಸುವುದು, ಮೊದಲ ವಾರ ಐದು ನಿಮಿಷ, ಮುಂದಿನ ವಾರ ಹತ್ತು. ಓಡಿಸುವ ಮಾತೇ ಇಲ್ಲ.

ಇಪ್ಪತ್ತು ನಿಮಿಷ ಎಷ್ಟು ಉದ್ದ ಎಂದು ಗಡಿಬಿಡಿಗೆ ಐವತ್ತೇಳನೇ ವಯಸ್ಸಿನಲ್ಲಿ ತಿಳಿಯಿತು. ಬಕೆಟ್ಟು ಬೋರಲು ಹಾಕಿ ಕೂತು ಪೈಪು ಹಿಡಿದ. ಮೂರನೇ ನಿಮಿಷಕ್ಕೆ ಗಡಿಯಾರ ನಿಂತಿದೆಯೇನೋ ಎಂದು ಕಿವಿಗೆ ಹಿಡಿದು ನೋಡಿದ. ಎರಡನೇ ದಿನ ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಪೇಪರು ಹಿಡಿದ. ಪುಟ ತಿರುಗಿಸುವ ಭರದಲ್ಲಿ ತನ್ನ ಬೂಟಿಗೇ ನೀರು ಬಿಟ್ಟುಕೊಂಡ. ದೊರೆಸಾನಿ ಬಗ್ಗಿ ಆ ಬೂಟನ್ನು ಮೂಸಿ, ಈ ಮನುಷ್ಯನ ಕೈಗೆ ಸಿಕ್ಕಿಬಿದ್ದೆನಲ್ಲ ಎಂಬಂತೆ ಗೋಡೆಯ ಕಡೆ ತಿರುಗಿದಳು.

ನಡಿಗೆಯ ವಾರಗಳು ಇನ್ನೂ ತಮಾಷೆ. ಕಾಲಿಗೆ ಪಟ್ಟಿ ಸುತ್ತಿ, ಮುಖಕ್ಕೆ ಹಗ್ಗ ಹಾಕಿ, ಹೊರಗೆ ತರುವುದಕ್ಕೆ ಕಾಲು ಗಂಟೆ, ನಡೆಯುವುದು ಐದು ನಿಮಿಷ. ಬೀದಿಯಲ್ಲಿ ಇಸ್ತ್ರಿ ಅಂಗಡಿಯವರೆಗೆ ಹೋಗುವಷ್ಟರಲ್ಲಿ ತಿರುಗುವ ಹೊತ್ತಾಗುತ್ತಿತ್ತು. ಏನು ಮೇಷ್ಟ್ರೇ, ಏನಾದರೂ ಮರೆತು ಬಂದಿರಾ ಎಂದು ಇಸ್ತ್ರಿಯವನು ದಿನಾ ಕೇಳುತ್ತಿದ್ದ. ಎರಡು ವಾರದ ಮೇಲೆ ಟೈರ್ ಅಂಗಡಿ ದಾಟುವ ಭಾಗ್ಯ ಬಂದಾಗ, ಅದರ ಮಹಡಿಯಲ್ಲಿ ಕನ್ನಡಕದ ಅಂಗಡಿ ಇರುವುದು ಕಣ್ಣಿಗೆ ಬಿತ್ತು. ಇಪ್ಪತ್ತಾರು ವರ್ಷ ಆ ಬೀದಿಯಲ್ಲೇ ಓಡಾಡಿ, ಕನ್ನಡಕಕ್ಕಾಗಿ ಊರಾಚೆಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ ಬುದ್ಧಿವಂತ ತಾನು ಎಂದು ಮನೆಯಲ್ಲಿ ಹೇಳಿಕೊಂಡ.

ಮೂರು ತಿಂಗಳಾಗುವ ಹೊತ್ತಿಗೆ ಅವನು ತಾಳ್ಮೆಯ ಮೇಲೆ ಭಾಷಣ ಮಾಡಲು ಶುರುಮಾಡಿದ್ದ. ಶಿಷ್ಯರಿಗೆ ಮಾಡಿದ, ಇಸ್ತ್ರಿಯವನಿಗೆ ಮಾಡಿದ, ಊಟದ ಮೇಜಿನಲ್ಲಿ ಹೆಂಡತಿಗೂ ಮಾಡಿದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಆಕೆ ದಿನವಿಡೀ ಜನರ ಭಾಷಣ ಕೇಳಿಯೇ ಬಂದಿರುತ್ತಿದ್ದಳು. ಹಾಲು ಇನ್ನೂ ಹಸಿಹಸಿಯೇ ಇದೆಯಲ್ಲ ಎಂದಷ್ಟೇ ಹೇಳಿ ಎದ್ದುಹೋದಳು.

ನಾಲ್ಕನೇ ತಿಂಗಳ ಕೊನೆಗೆ, ಟೈರ್ ಅಂಗಡಿಯ ಮುಂದೆ ನಿಂತಿದ್ದ ಲಾರಿಯ ಪ್ಲಾಸ್ಟಿಕ್ ಹೊದಿಕೆ ಗಾಳಿಗೆ ಪಟಪಟನೆ ಬಡಿದುಕೊಂಡಿತು. ದೊರೆಸಾನಿ ಬೆಚ್ಚಿ ಮುಂಗಾಲೆತ್ತಿದಳು. ಗಡಿಬಿಡಿ ಹಗ್ಗ ಬಿಡಲಿಲ್ಲ. ಅವಳು ಇಳಿಯುವಾಗ ಅವನ ಮೊಣಕಾಲು ಒಂದು ಕಡೆಗೆ, ಅವನು ಇನ್ನೊಂದು ಕಡೆಗೆ ಹೋಗಿ, ಒಳಗೆ ಏನೋ ಟಕ್ಕೆಂದಿತು. ರಸ್ತೆಯಲ್ಲಿ ಬಿದ್ದುಕೊಂಡೇ ಅವನು ಮಾಡಿದ ಮೊದಲ ಕೆಲಸ ಕುದುರೆಯ ಕಾಲು ಮುಟ್ಟಿ ನೋಡಿದ್ದು. ಬಿಸಿಯಿಲ್ಲ, ಊತವಿಲ್ಲ. ಸಮಾಧಾನದಿಂದ ಎದ್ದು ನಿಲ್ಲಲು ಹೋಗಿ ಮತ್ತೆ ಬಿದ್ದ.

ಸಂಜೆ ಮನುಷ್ಯರ ಡಾಕ್ಟರು ನೋಡಿ, ಮೊಣಕಾಲಿನ ಲಿಗಮೆಂಟು ಎಂದಾಗ ಗಡಿಬಿಡಿಗೆ ನಗು ತಡೆಯಲಾಗಲಿಲ್ಲ. ಆರು ವಾರ ವಿಶ್ರಾಂತಿ, ಕೈಗೆ ಕೋಲು, ಮೊದಲೆರಡು ವಾರ ಕಾಲು ನೆಲಕ್ಕೆ ತಾಗಿಸಬಾರದು, ಆಮೇಲೆ ದಿನಕ್ಕೆ ಐದೈದು ನಿಮಿಷ ನಡಿಗೆ ಎಂದು ಡಾಕ್ಟರು ಹೇಳುತ್ತಿದ್ದಂತೆ ಇವನು 'ಗೊತ್ತಾಯ್ತು ಗೊತ್ತಾಯ್ತು' ಎಂದು ಎದ್ದೇಬಿಟ್ಟ. ಮರುದಿನ ಬೆಳಗ್ಗೆ ಲಾಯದಲ್ಲಿದ್ದ.

ಯಾರಿಗೂ ಹೇಳಲಿಲ್ಲ. ಯಜಮಾನಿಗೆ ತಿಳಿದರೆ ಹಗ್ಗ ಬೇರೆಯವರ ಕೈಗೆ ಹೋಗುತ್ತದೆ. ಬೇರೆಯವರು ಪಟ್ಟಿಯ ಒಂದು ದಿನ ತಪ್ಪಿಸಿದರೆ? ಐದು ನಿಮಿಷ ಹೆಚ್ಚಾಗಿ ನಡೆಸಿದರೆ? ಅವಳ ಕಾಲು ಕೆಡಿಸಿದವನು ತಾನು, ಸರಿಮಾಡಬೇಕಾದವನೂ ತಾನು ಎಂಬ ಹಟ ಹೊಟ್ಟೆಯೊಳಗೆ ಕೂತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಭಯವೂ ಇತ್ತು, ಕುಂಟುವ ಸವಾರಿ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬುದು. ಹೆಂಡತಿಗೆ ಮಾತ್ರ ಸ್ವಲ್ಪ ಉಳುಕಿದೆ ಎಂದ. ಮರುದಿನದಿಂದ ಅವನ ತಟ್ಟೆಯ ಪಕ್ಕ ನೋವಿನ ಮಾತ್ರೆಯೂ ಮೊಣಕಾಲಿಗೆ ಹಾಕುವ ಪಟ್ಟಿಯೂ ಇರುತ್ತಿದ್ದವು. ಔಷಧಿ ಅಂಗಡಿಯವಳಿಗೆ ಮಂಕುಬೂದಿ ಎರಚಿದೆ ಎಂದು ಅವನು ಒಳಗೊಳಗೇ ಬೀಗಿದ.

ಯಜಮಾನಿ ಅಂಗಳದಲ್ಲಿದ್ದಾಗ ಹಲ್ಲುಕಚ್ಚಿ ನೆಟ್ಟಗೆ ನಡೆಯುತ್ತಿದ್ದ, ಆಕೆ ಮರೆಯಾದ ಮೇಲೆ ಉಸಿರು ಬಿಟ್ಟು ಕುಂಟುತ್ತಿದ್ದ. ಬೀದಿಯಲ್ಲಿ ಒಂದು ಉಪಾಯವೂ ಸಿಕ್ಕಿತು. ಹಗ್ಗವನ್ನು ಕುದುರೆಯ ಗದ್ದದ ಹತ್ತಿರವೇ ಗಿಡ್ಡ ಹಿಡಿದು, ನೋಯುವ ಕಾಲಿನ ಹೆಜ್ಜೆ ಬಂದಾಗ ಮೈಭಾರವನ್ನು ಹಗ್ಗಕ್ಕೆ ಬಿಟ್ಟರೆ ನೋವು ಅರ್ಧಕ್ಕರ್ಧ ಕಡಿಮೆ. ದೊರೆಸಾನಿ ಮೊದಲ ದಿನ ಕಿವಿ ಹಿಂದಕ್ಕೆ ಮಾಡಿದಳು, ಆಮೇಲೆ ಸುಮ್ಮನಾದಳು. ಪಟ್ಟಿಯಲ್ಲಿ ಬರೆದಷ್ಟು ನಿಮಿಷ, ಒಂದು ದಿನವೂ ತಪ್ಪದಂತೆ ಇಬ್ಬರೂ ಐದು ತಿಂಗಳು ಹಾಗೇ ನಡೆದರು.

ಒಂಬತ್ತು ತಿಂಗಳು ತುಂಬಿದ ದಿನ ಪಶುವೈದ್ಯರು ಬಂದರು. ಗಡಿಬಿಡಿ ಅವತ್ತು ಎಂದಿಗಿಂತ ಒಂದು ಗಂಟೆ ಮೊದಲೇ ಓಡಿಬಂದಿದ್ದ, ಓದುವ ಕನ್ನಡಕವನ್ನು ಮನೆಯಲ್ಲೇ ಬಿಟ್ಟು. ವಾರದ ರಜೆಯಲ್ಲಿದ್ದ ಹೆಂಡತಿ ಅದನ್ನು ಹಿಡಿದುಕೊಂಡು ಗೇಟಿನ ಬಳಿ ಬಂದು ನಿಂತಿದ್ದಳು. ಆಕೆಗೆ ಕುದುರೆಯೆಂದರೆ ಅಂಜಿಕೆ, ಒಳಗೆ ಬರುವವಳಲ್ಲ.

ಚಿತ್ರದಲ್ಲಿ ಕಪ್ಪು ಚುಕ್ಕೆ ಇರಲಿಲ್ಲ. ಒತ್ತಿದರೆ ನೋವಿರಲಿಲ್ಲ. ಇನ್ನು ಗೇಟಿನವರೆಗೆ ಓಡಿಸಿಕೊಂಡು ಹೋಗಿ ಬನ್ನಿ ಎಂದರು ವೈದ್ಯರು. ಎರಡು ಮಾತ್ರೆ ನುಂಗಿ ಬಂದಿದ್ದ ಗಡಿಬಿಡಿ ಹಗ್ಗ ಹಿಡಿದು ಓಡಿದ. ವೈದ್ಯರು ಕುದುರೆಯಿಂದ ಕಣ್ಣು ತೆಗೆಯಲಿಲ್ಲ. ಇನ್ನೊಂದು ಸಲ ಎಂದರು. ಇನ್ನೊಂದು ಸಲ ಓಡಿದ. ಆಮೇಲೆ ಅವರು ಹಣೆ ಉಜ್ಜಿಕೊಂಡರು.

"ಓಡುವಾಗ ಹೆಜ್ಜೆಹೆಜ್ಜೆಗೂ ತಲೆ ಕೆಳಗೆ ಹೋಗ್ತಿದೆ. ನೋವಿಲ್ದೆ ಕುದುರೆ ಹಾಗೆ ತಲೆ ಹಾಕಲ್ಲ. ಚಿತ್ರದಲ್ಲಿ ಕಾಣದ್ದು ಏನೋ ಉಳ್ಕೊಂಡಿದೆ."

ಯಜಮಾನಿ ನೆಲ ನೋಡುತ್ತ, ನಾಳೆ ವ್ಯಾಪಾರಿಗೆ ಹೇಳಿಕಳಿಸುತ್ತೇನೆ ಎಂದಳು.

ಎಲ್ಲಿ ತಪ್ಪಿದೆ, ಯಾವ ದಿನ, ಯಾವ ನಿಮಿಷ ಎಂದು ಗಡಿಬಿಡಿಯ ಮನಸ್ಸು ಪಟ್ಟಿಯನ್ನೆಲ್ಲ ಜಾಲಾಡಿತು. ಯಾರಾದರೂ ದಾರಿ ತೋರಿಸಲಿ ಎಂಬಂತೆ ಗೇಟಿನ ಕಡೆ ನೋಡಿದ. ಹೆಂಡತಿ ಕುದುರೆಯನ್ನು ನೋಡುತ್ತಿರಲಿಲ್ಲ. ಅವನ ಮೊಣಕಾಲನ್ನು ನೋಡುತ್ತಿದ್ದಳು. ಆಮೇಲೆ ಅವನ ಮುಷ್ಟಿಯನ್ನು ನೋಡಿದಳು, ಆಮೇಲೆ ಅವನ ಮುಖವನ್ನು.

ಅವನೂ ತನ್ನ ಮುಷ್ಟಿ ನೋಡಿಕೊಂಡ. ಅದು ಅಭ್ಯಾಸದ ಜಾಗದಲ್ಲೇ, ದೊರೆಸಾನಿಯ ಗದ್ದಕ್ಕೆ ಅಂಟಿಕೊಂಡಿತ್ತು. ಪ್ರತಿ ಕುಂಟು ಹೆಜ್ಜೆಗೂ ಅವಳ ತಲೆಯನ್ನು ಕೆಳಕ್ಕೆ ಜಗ್ಗಿದ್ದು ಆ ಕೈ. ಇಪ್ಪತ್ತಾರು ವರ್ಷದಿಂದ ಅವನು ಶಿಷ್ಯರಿಗೆ ಹೇಳುತ್ತ ಬಂದ ಮೊದಲ ಪಾಠವೇ ಕುದುರೆಯ ಜೊತೆ ನಡೆಯುವಾಗ ಹಗ್ಗ ಸಡಿಲ ಇರಲಿ ಎಂಬುದು. ಬಾಯಿಬಿಟ್ಟರೆ ಐದು ತಿಂಗಳ ಸುಳ್ಳು ಹೊರಬೀಳುತ್ತದೆ, ಬಹುಶಃ ಕೆಲಸವೂ ಹೋಗುತ್ತದೆ. ಜೀವನದಲ್ಲಿ ಮೊದಲ ಸಲ ಅವನು ಒಂದು ಮಾತಾಡುವ ಮುಂಚೆ ನಿಧಾನಿಸಿದ.

"ಮೇಡಂ, ಕುಂಟು ಅವಳದಲ್ಲ. ನಂದು."

ಪ್ಯಾಂಟು ಮೇಲೆತ್ತಿ ತೋರಿಸಿದ. ವೈದ್ಯರು ಅಭ್ಯಾಸಬಲದಿಂದ ಕೂತು, ಕುದುರೆಯ ಕಾಲಿನಂತೆಯೇ ಅಂಗೈಯಲ್ಲಿ ಸವರಿ, ಬಿಸಿಯಿದೆ, ಊತವಿದೆ ಎಂದರು. ಒತ್ತಿದಾಗ ಅವನು ಹೌಹಾರಿದ. ನನಗೆ ಪರವಾನಗಿ ಇರುವುದು ನಾಲ್ಕು ಕಾಲಿನವರಿಗೆ ಮಾತ್ರ, ಇಲ್ಲದಿದ್ದರೆ ಇವರನ್ನು ಒಂದು ತಿಂಗಳು ಲಾಯದಲ್ಲಿ ಕಟ್ಟಿಹಾಕಿ ಅನ್ನುತ್ತಿದ್ದೆ ಎಂದರು.

ಯಜಮಾನಿ ಅವನ ಕೈಯಿಂದ ಹಗ್ಗ ತೆಗೆದುಕೊಂಡು, ಉದ್ದಕ್ಕೆ ಸಡಿಲ ಬಿಟ್ಟು ಹೆಜ್ಜೆ ಹಾಕಿದಳು. ದೊರೆಸಾನಿ ಕದಲಲಿಲ್ಲ. ಕುತ್ತಿಗೆ ತಗ್ಗಿಸಿ, ಗದ್ದದ ಕೆಳಗೆ ಬರಬೇಕಾದ ಭಾರಕ್ಕೆ ಕಾಯುತ್ತ ನಿಂತಳು. ಭಾರ ಬರಲಿಲ್ಲ. ತಿರುಗಿ ಅವನನ್ನು ನೋಡಿದಳು. ಅವನು ಗೋಡೆ ಹಿಡಿದುಕೊಂಡು, ಹೋಗು ಎಂದ. ಆಗ ಓಡಿದಳು, ಗೇಟಿನವರೆಗೆ ಹೋಗಿ ತಿರುಗಿ ಬಂದಳು, ತಲೆ ಒಂದಿಷ್ಟೂ ಅಲುಗಲಿಲ್ಲ. ಗಡಿಬಿಡಿ ನಾಚಿಕೆ ಬಿಟ್ಟು ಅತ್ತ.

"ಅವಳು ಇಲ್ಲೇ ಇರ್ತಾಳೆ" ಎಂದಳು ಯಜಮಾನಿ. "ನೀವು ಹೊರಡಿ." ಅವನ ಮುಖ ಬಿಳಿಚಿಕೊಂಡದ್ದನ್ನು ಬೇಕೆಂದೇ ಒಂದು ಗಳಿಗೆ ನೋಡಿ ಮುಂದುವರಿಸಿದಳು, "ಆರು ವಾರ. ಡಾಕ್ಟರ ಚೀಟಿ ತಗೊಂಡು ವಾಪಸ್ ಬನ್ನಿ. ಒಂದು ದಿನ ಮುಂಚೆ ಬಂದ್ರೂ ಗೇಟು ತೆಗೆಯಲ್ಲ."

ಲಾಯದ ಬಾಗಿಲಿನ ಪಟ್ಟಿಯನ್ನು ಹೆಂಡತಿ ಕೇಳಿ ಪಡೆದು ಮನೆಗೆ ತಂದಳು. ದೊರೆಸಾನಿ ಎಂದಿದ್ದ ಕಡೆ ಗೀಟು ಹಾಕಿ, ಗಡಿಬಿಡಿ ಎಂದು ಬರೆದು, ಮೊದಲ ತಿಂಗಳು ಎಂದಿದ್ದನ್ನು ಎರಡು ವಾರ ಎಂದು ತಿದ್ದಿ, ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಎರಡು ವಾರ ಅವನು ಕೋಣೆ ಬಿಟ್ಟು ಹೊರಬರಲಿಲ್ಲ. ಕಿಟಕಿಯಿಂದ ಬೀದಿ ನೋಡುತ್ತ, ಕುದುರೆಗಳು ಬಾಗಿಲನ್ನು ಯಾಕೆ ಕಚ್ಚುತ್ತವೆ ಎಂಬುದು ಈಗ ಅರ್ಥವಾಯಿತು ಎಂದು ಗೊಣಗಿದ.

ಮೂರನೇ ವಾರ ಮೊದಲ ನಡಿಗೆ. ಐದು ನಿಮಿಷ. ಹೆಂಡತಿ ಕೈಗಡಿಯಾರ ಕಟ್ಟಿಕೊಂಡು ಪಕ್ಕದಲ್ಲಿ ಹೊರಟಳು. ನಾಲ್ಕು ಹೆಜ್ಜೆಯಲ್ಲೇ ಅವನು ಮುಂದೆ ಓಡಹೋದ, ಆಕೆ ತೋಳು ಹಿಡಿದು ಎಳೆದಳು. ಆಮೇಲೆ ತೋಳಿಗೆ ತೋಳು ಕೊಟ್ಟುಕೊಂಡೇ ನಡೆದರು. ಬೀದಿಯ ತಿರುವು ಹತ್ತಿರವಾಗುವಾಗ, ನೋಯುವ ಕಾಲಿನ ಪ್ರತಿ ಹೆಜ್ಜೆಗೂ ಆಕೆಯ ಭುಜ ಸ್ವಲ್ಪ ಕೆಳಗೆ ಹೋಗುತ್ತಿರುವುದು ಅವನ ಕಣ್ಣಿಗೆ ಬಿತ್ತು. ಅವನು ನಿಂತುಬಿಟ್ಟ.

"ನಾನು ನಿನ್ ಮೇಲೆ ಭಾರ ಹಾಕ್ತಿದೀನಾ?" ಎಂದು ಕೇಳಿದ.

"ಮೂವತ್ತು ವರ್ಷದಿಂದ" ಎಂದಳು ಆಕೆ, ಗಡಿಯಾರ ನೋಡಿಕೊಳ್ಳುತ್ತ. "ನಡೀರಿ, ಇನ್ನೂ ಎರಡು ನಿಮಿಷ ಇದೆ."