ಸೀಸೆ ಹಿಡಿದ ಕೈ

ಮೊನ್ನೆ ಹೊಸದುರ್ಗದ ಸಂತೆ ಬೀದಿಯಲ್ಲಿ ಯಾವುದೋ ಅಂಗಡಿಗೆ ಲೋಬಾನದ ಹೊಗೆ ಹಾಕುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಸಿಗೆ ಅಂಗಡಿಯ ಚಾಚಾ ನೆನಪಾದರು... ಅವರ ಹಿಂದೆಯೇ ಆ ಟೀವಿಯವನ ಮುಖವೂ ನೆನಪಾಗಿ ಬಾಯೆಲ್ಲ ಕಹಿಯಾಯಿತು.

ಚಾಚಾ ನಮ್ಮ ಮನೆ ಎದುರಿಗೇ ಹತ್ತಿ ತುಂಬಿ ಹಾಸಿಗೆ ಹೊಲಿಯುತ್ತಿದ್ದರು. ಸಂಜೆ ಅಂಗಡಿಗೆಲ್ಲ ಲೋಬಾನದ ಹೊಗೆ ಹಾಕಿ, ವಾರ್ತೆ ಶುರುವಾದರೆ ಸೂಜಿ ಕೆಳಗಿಟ್ಟು ಟೀವಿ ಮುಂದೆ ಕೂರುವರು. ಗಿರಾಕಿ ಬಂದರೂ ಕೈಸನ್ನೆಯಲ್ಲೇ ಸುಮ್ಮನಿರಿಸುವರು. ಬೀದಿಯಲ್ಲಿ ಯಾರಾದರೂ ವಾದಕ್ಕೆ ನಿಂತರೆ ಅವರದು ಒಂದೇ ಮಾತು: "ಟೀವಿಯಾಗೆ ಬಂದೈತೆ ಕಣಪ್ಪಾ. ಅವ್ರೇನು ನಿನ್ನಂಗೆ ಕಟ್ಟೆ ಮ್ಯಾಲೆ ಕುಂತು ಹೇಳ್ತಾರಾ?" ನಾವೂ ತಲೆಯಾಡಿಸುತ್ತಿದ್ದೆವು.

ನಮ್ಮಲ್ಲಿ ಕೂಸು ರಚ್ಚೆ ಹಿಡಿದರೆ, ದೃಷ್ಟಿಯಾದರೆ, ಸಂಜೆ ಮಸೀದಿ ಬಾಗಿಲಿಗೆ ಒಯ್ಯುವುದು ರೂಢಿ. ನಮಾಜು ಮುಗಿಸಿ ಹೊರಬರುವವರು ಕೂಸಿನ ಮೇಲೆ, ಒಯ್ದ ನೀರಿನ ಮೇಲೆ ಉಫ್ ಎಂದು ಊದುತ್ತಾರೆ. ಯಾವ ಜಾತಿ ಎಂದು ಯಾರೂ ಕೇಳಿದವರಲ್ಲ. ಮತ್ತೋಡಿನಿಂದ ಬಸ್ಸು ಹತ್ತಿ ಬರುವವರೂ ಇದ್ದರು. ನನ್ನನ್ನೂ ಅಮ್ಮ ಒಯ್ದಿದ್ದಳಂತೆ. ಮೊಮ್ಮಗನಿಗೆ ಜ್ವರ ಬಂದಾಗ ನಾನೂ ಒಯ್ದೆ. ನಮಾಜು ಮುಗಿಸಿ ಬಂದ ಚಾಚಾ ಕಣ್ಣು ಮುಚ್ಚಿ ಏನೋ ಪಠಿಸಿ, ನನ್ನ ಕೈಯಲ್ಲಿದ್ದ ಸೀಸೆಗೆ ಊದಿದರು. ಅಲ್ಲಿದ್ದ ಯಾರೋ ಫೋನಿನಲ್ಲಿ ವಿಡಿಯೊ ಮಾಡಿಕೊಂಡರು. ಮಾಡಿಕೊಳ್ಳಲಿ ಬಿಡು ಎಂದುಕೊಂಡೆ.

ಆಮೇಲೆ ಕೊರೊನಾ ಬಂತು. ಊರೆಲ್ಲ ಬಾಗಿಲು ಹಾಕಿಕೊಂಡು ಟೀವಿ ಮುಂದೆ ಕೂತಿದ್ದಾಗ, ಒಂದು ಸಂಜೆ ಅದೇ ಹಳೇ ವಿಡಿಯೊ ಬಂತು. ಕೂಸಿಲ್ಲ, ನಾನಿಲ್ಲ. ಬರೀ ಚಾಚಾನ ಬಾಯಿ, ಒಂದು ಸೀಸೆ, ಸುತ್ತ ಕೆಂಪು ಗೆರೆ. ನೀರಿಗೆ ಉಗುಳಿ ರೋಗ ಹಂಚುತ್ತಿದ್ದಾನೆ ಎಂದು ಕೋಟು ಹಾಕಿದವನೊಬ್ಬ ಗಂಟಲು ಹರಿದುಕೊಳ್ಳುತ್ತಿದ್ದ. ಥೂ, ಅವನ ಬಾಯಿಗೆ ಹುಳ ಬೀಳ! ಆ ಸೀಸೆ ಹಿಡಿದ ಕೈ ನನ್ನದು. ನನ್ನ ಹಸಿರು ಬಳೆ ಕೂಡ ಕಾಣುತ್ತಿತ್ತು.

ಚಾನೆಲ್ಲಿಗೆ ಫೋನು ಮಾಡಿದೆ. "ನೋಟ್ ಮಾಡ್ಕೊಂಡಿದೀವಿ ಮೇಡಂ" ಎಂದಳು ಒಬ್ಬಳು. ಮಾರನೇ ದಿನವೂ ಅದನ್ನೇ ತೋರಿಸಿದರು, ನಡುನಡುವೆ ಸೋಪಿನ ಜಾಹೀರಾತು ಹಾಕಿಕೊಂಡು. ಹೊಟ್ಟೆಗೆ ಅನ್ನ ತಿನ್ನುವವರು ಮಾಡುವ ಕೆಲಸವೇ ಅದು?

ಬೀದಿಯವರಿಗೆಲ್ಲ ಬಳೆ ತೋರಿಸಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯಾಕೆ ಚಾಚಾನ ಎದುರಿಗೇ ಅಂದಳು: "ಟೀವಿಯಾಗೆ ಸುಳ್ಳು ಹೇಳ್ತಾರಾ ಸಾಬ್ರೇ? ನೀವೇ ಹೇಳ್ತಿದ್ರಲ್ಲ." ಮಗಳ ಮದುವೆಗೆಂದು ಅವಳು ಹೊಲಿಸಿದ್ದ ಹಾಸಿಗೆ ಅಂಗಡಿಯಲ್ಲೇ ಉಳಿಯಿತು. ಚಾಚಾ ಸಿಟ್ಟಾಗಲಿಲ್ಲ. "ಹೌದವ್ವಾ, ನಾನೇ ಹೇಳ್ತಿದ್ದೆ" ಎಂದು ಒಳಗೆ ಹೋದರು...

ಲಾಕ್‌ಡೌನ್ ಮುಗಿದು ಅಂಗಡಿ ತೆರೆದರೂ ಅವರು ಮುಟ್ಟಿದ ಹಾಸಿಗೆಯ ಮೇಲೆ ಮಲಗುವವರು ಯಾರಿದ್ದರು? ಚಾಚಾ ಹಾಸಿಗೆ ಬಟ್ಟೆಯದೇ ಒಂದು ಗವಸು ಹೊಲಿದು ಟೀವಿಯನ್ನು ಮುಚ್ಚಿಬಿಟ್ಟರು. ಹೆಚ್ಚು ಕಾಲ ಬದುಕಲೂ ಇಲ್ಲ. ಕೋಟಿನವ ಮಾತ್ರ ಇವತ್ತಿಗೂ ಕಿರುಚುತ್ತಲೇ ಇದ್ದಾನೆ. ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬೀಳಲಿಲ್ಲ. ಅವನ ಮುಖ ಕಂಡರೆ ನನಗೆ ವಾಕರಿಕೆ ಬರುತ್ತದೆ.

ಮಗಳಿಗೆ ಈಗ ಎರಡನೆಯ ಕೂಸು. ಮೊನ್ನೆ ಲೋಬಾನದ ವಾಸನೆ ಬಡಿದ ದಿನವೇ, ರಚ್ಚೆ ಹಿಡಿದಿದ್ದ ಅದನ್ನು ಎತ್ತಿಕೊಂಡು, ಸೀಸೆಯಲ್ಲಿ ನೀರು ತುಂಬಿಕೊಂಡು ಮಸೀದಿ ಬಾಗಿಲಲ್ಲಿ ನಿಂತೆ. ಚಾಚಾನ ಮಗ ಹೊರಬಂದ. ಕೂಸಿನ ಮುಖ ನೋಡಿ ನಕ್ಕು, ಹತ್ತಿರ ಬಾಗಿದ. ಬಾಗಿದವನು ಸುತ್ತ ಯಾರ ಕೈಯಲ್ಲಿ ಫೋನಿದೆ ಎಂದು ಕಣ್ಣಾಡಿಸಿದ.

"ಬ್ಯಾಡಕ್ಕಾ, ಡಾಕ್ಟ್ರಿಗೆ ತೋರಿಸ್ರಿ" ಎಂದವನೇ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದ. ಸೀಸೆಯ ನೀರನ್ನು ಹಾಗೇ ಮನೆಗೆ ತಂದೆ.