ಮದುವೆ ಕಾರಿಗೆ ಹೀಟರ್ ಪೈಪು

ಮಗಳ ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ಎಂದು ಗೊತ್ತಾದ ದಿನವೇ ಅವಳು ಹೇಳಿಬಿಟ್ಟಿದ್ದಳು: "ಅಮ್ಮ, ನಾನು ಅಪ್ಪನ ಕಾರಲ್ಲೇ ಹೋಗೋದು. ನೀನೇ ಓಡಿಸ್ಬೇಕು." ನಾನು ಸರಿ ಎಂದೆ. ಅರಕಲಗೂಡಿನ ನಮ್ಮ ಮನೆಯಲ್ಲಿ ಅದಕ್ಕೊಂದು ಪಂಚಾಯ್ತಿಯೇ ಶುರುವಾಯಿತು.

ಅಪ್ಪನ ಕಾರು ಎಂದರೆ ನನ್ನ ಗಂಡ ಬಿಟ್ಟುಹೋದ ಹಳೆಯ ಸಣ್ಣ ಕಾರು, ಸ್ಟೀರಿಂಗಿನ ಪಕ್ಕದಲ್ಲೇ ಗೇರ್ ಕಡ್ಡಿ ಇರುವಂಥದ್ದು. ಅವರು ಹೋದ ಮೇಲೆ ಅದನ್ನು ಓಡಿಸುತ್ತಿರುವವಳು ನಾನೇ. ನಮ್ಮ ದಿನಸಿ ಅಂಗಡಿಗೆ ಸಾಮಾನು ತರಲು ಹಾಸನಕ್ಕೆ, ಸಂತೆಗೆ ಕೊಣನೂರಿಗೆ. ಆಗೆಲ್ಲ ಯಾರೂ ತುಟಿ ಬಿಚ್ಚಲಿಲ್ಲ. ವಿಧವೆ ಸಕ್ಕರೆ ಮೂಟೆ ಹೇರಿಕೊಂಡು ಬಂದರೆ ಅಪಶಕುನವಲ್ಲ, ಹೆತ್ತ ಮಗಳನ್ನು ಕೂರಿಸಿಕೊಂಡು ಹೊರಟರೆ ಅಪಶಕುನ. ಸಕ್ಕರೆಗೆ ಶಾಸ್ತ್ರ ಗೊತ್ತಿಲ್ಲ ಅಂತ ಕಾಣುತ್ತದೆ.

ಪಂಚಾಯ್ತಿಯ ಯಜಮಾನರು ನನ್ನ ಭಾವ, ಗಂಡನ ಅಣ್ಣ. ಕೆಟ್ಟವರಲ್ಲ. ಆದರೆ ನಾಲ್ಕು ಜನ ಏನಂದಾರು ಎಂಬ ರೋಗ ಅವರಿಗೆ ಹುಟ್ಟಿದಾಗಿನಿಂದ ಇದೆ.

"ನೋಡವ್ವ, ಎಣ್ಣು ಒರಡ್ಸೋ ಒತ್ತಲ್ಲಿ ಮುಂದ್ಗಡೆ ನೀನ್ ಕುಂತ್ಕಂಡ್ರೆ ಚೆಂದಾಗಿರಕಿಲ್ಲ. ಗಾಡಿ ನಮ್ ಡ್ರೈವರ್ ಓಡುಸ್ತಾನೆ. ನೀನು ಇಂದೆ ಬಸ್ಸಲ್ಲಿ ಬಂದ್ಬುಡು."

"ಹೆತ್ತೋಳು ಭಾವ ನಾನು. ಬಸ್ಸಲ್ಲಿ ಬರೋಕೆ ದೂರದ ನೆಂಟಳಾ?" ಎಂದೆ.

ಊಟಕ್ಕೆ ಕೂತಿದ್ದ ಮಗಳು ತಲೆ ಎತ್ತದೆಯೇ, "ಅಮ್ಮ ಓಡಿಸ್ದಿದ್ರೆ ನಾನೂ ಬಸ್ಸಲ್ಲೇ ಬತ್ತೀನಿ ದೊಡ್ಡಪ್ಪ" ಎಂದಳು. ಭಾವ ಸೋತರು. ಆದರೆ ಸುಮ್ಮನೆ ಸೋಲುವ ಜನ ಅಲ್ಲ.

"ಆಯ್ತು. ನಿನ್ ಪಕ್ಕ ಮುಂದ್ಗಡೆ ನಾನು ಕೂರ್ತೀನಿ, ದ್ವಾಸ ವಸಿ ಕಮ್ಮಿಯಾಗ್ಲಿ. ಆದ್ರೆ ದಾರೀಲಿ ಗಾಡಿ ಎಲ್ಲಾರಾ ನಿಂತ್ಕತು ಅನ್ನು, ಆ ಮಾತು ನಿನ್ ಮ್ಯಾಲೇ ಬತ್ತದೆ. ನಾಳೆ ಮಗೀಗೆ ಏನೇ ಆದ್ರೂ ಜನ ಅದ್ನೇ ಯೋಳ್ತಾರೆ. ತಿಳ್ಕ."

ನನಗೆ ಮೈ ಉರಿದದ್ದು ಅಲ್ಲಿ. ಕಾರ್ಬೊರೇಟರಿನಲ್ಲಿ ಕಸ ಸಿಕ್ಕಿಕೊಂಡರೆ ಅದಕ್ಕೂ ತಾಳಿ ಇಲ್ಲದ ನನ್ನ ಕೊರಳೇ ಕಾರಣ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಿಟ್ಟಿನ ಜೊತೆಗೆ ಹೆದರಿಕೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ನನಗಂದರೆ ತಿರುಗಿಸಿ ಅಂದೇನು. ಆದರೆ ಮಗಳು ಬಾಳುವ ಮನೆಯಲ್ಲಿ ಹಾಲು ಉಕ್ಕಿದರೂ, ಮಗುವಾಗುವುದು ತಡವಾದರೂ, "ಅವತ್ತು ದಾರೀಲಿ ಕಾರು ನಿಂತಿತ್ತಲ್ಲ" ಎಂದು ಯಾರೋ ತೆಗೆಯುತ್ತಾರೆ. ಅದನ್ನು ಅವಳು ಜನ್ಮವಿಡೀ ಕೇಳಬೇಕು.

ಕಾರು ಬೇರೆ ನಿಲ್ಲುವ ಸ್ಥಿತಿಯಲ್ಲೇ ಇತ್ತು. ಏರು ಬಂದರೆ ಮುಗ್ಗರಿಸುತ್ತಿತ್ತು, ಬಾನೆಟ್ಟಿನಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು, ಬಿಸಿಲಲ್ಲಿ ನಿಧಾನಕ್ಕೆ ಹೋದರೆ ನೀರು ಕುದಿಯುತ್ತಿತ್ತು. ಹಾಸನದಲ್ಲಿ ನನ್ನ ಗಂಡನ ಕಾಲದಿಂದ ಕಾರು ನೋಡುತ್ತಿದ್ದ ಮೆಕ್ಯಾನಿಕ್ಕಿಗೆ ತೋರಿಸಿದೆ.

"ಕಾರ್ಬೊರೇಟರ್ ಸವೆದೋಗದೆ ಅಕ್ಕ. ಬ್ಯಾರೆ ಗಾಡೀದು ಕೂರಿಸ್ಬುಡ್ತೀನಿ. ಆದ್ರೆ ಮದ್ವೆ ಕಳೀಲಿ, ಈಗ ಕೈ ಖಾಲಿ ಇಲ್ಲ."

"ಬೇರೆ ಗಾಡೀದು ಬೇಡ, ಇದರದ್ದೇ ಹುಡುಕಿ ಕೊಡು. ನಾನೇ ಕೂರಿಸ್ಕೋತೀನಿ. ಹಂಗೇ ಎರಡು ಹೀಟರ್ ಪೈಪೂ ಕೊಡು."

ಅವನು ನಕ್ಕ ನಗುವಿಗೆ ಗ್ಯಾರೇಜಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಹೀಟರ್ರಾ? ಈ ಬಿಸ್ಲಲ್ಲಾ? ಅದುನ್ನ ಯಾವತ್ತೋ ಕಿತ್ತಾಕಿದ್ವಲ್ಲಕ್ಕ!"

ಕಿತ್ತುಹಾಕಿದ್ದು ನಿಜ. ನಮ್ಮ ಕಡೆ ಹಳೇ ಕಾರು ಕೈಗೆ ಸಿಕ್ಕರೆ ಮೊದಲು ಮಾಡುವ ಕೆಲಸವೇ ಅದು. ಹೀಟರಿಗೆ ಹೋಗುವ ಪೈಪು ಕಿತ್ತು, ಇಂಜಿನ್ನಿನ ಬಾಯಿಂದ ಬಾಯಿಗೆ ತುಂಡು ಪೈಪು ಸಿಕ್ಕಿಸಿ, ಒಂದು ತಾಪತ್ರಯ ಕಳೆಯಿತು ಅನ್ನುವುದು. ಆದರೆ ಹೀಟರ್ ಮಾಡುವ ಕೆಲಸವಾದರೂ ಏನು? ಇಂಜಿನ್ನಿನ ಬಿಸಿನೀರನ್ನು ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆಗೆ ತಂದು, ಅದರ ಶಾಖವನ್ನು ಒಳಗೆ ಕೂತವರ ಕಾಲಿಗೆ ಊದಿ, ತಣಿದ ನೀರನ್ನು ವಾಪಸು ಕಳಿಸುವುದು. ಕೂತವರು ಬೆವರುತ್ತಾರೆ, ಇಂಜಿನ್ ಉಳಿಯುತ್ತದೆ. ಕುದಿಯುವ ಕಾರಿಗೆ ಅದು ಎರಡನೇ ರೇಡಿಯೇಟರ್ ಇದ್ದ ಹಾಗೆ.

"ಚಳಿಗಲ್ಲ ಕಣಪ್ಪ, ಸೆಕೆಗೇ ಬೇಕಾಗಿರೋದು. ಕೊಡು" ಎಂದೆ. ಕಾರ್ಬೊರೇಟರೂ ಪೈಪೂ ಕೊಟ್ಟ.

ನೈಟಿಯ ಮೇಲೆ ಗಂಡನ ಹಳೇ ಷರ್ಟು ಹಾಕಿಕೊಂಡು ಅಂಗಳದಲ್ಲೇ ಕೆಲಸಕ್ಕೆ ನಿಂತೆ. ಹಾದುಹೋಗುವವರು ನೋಡಿದರು. ನೋಡಲಿ. ಅಷ್ಟು ವರ್ಷ ಗಂಡನಿಗೆ ಸ್ಪ್ಯಾನರ್ ಎತ್ತಿಕೊಟ್ಟವಳಿಗೆ ಎರಡು ನಟ್ಟು ಬಿಚ್ಚಲು ಬರುವುದಿಲ್ಲವೇ. ಹಳೇ ಕಾರ್ಬೊರೇಟರ್ ಇಳಿಸಿ, ಅದು ಕೂರುವ ಜಾಗವನ್ನು ಬ್ಲೇಡಿನಿಂದ ಹೆರೆದು, ಹೊಸ ಪ್ಯಾಕಿಂಗ್ ಇಟ್ಟು, ತಂದದ್ದನ್ನು ಕೂರಿಸಿ, ಎರಡೂ ಕಡೆಯ ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದೇ ಕಡೆ ಬಿಗಿದರೆ ಸೊಟ್ಟಗೆ ಕೂತು ಗಾಳಿ ಎಳೆಯುತ್ತದೆ. ಸ್ಟಾರ್ಟ್ ಮಾಡಿದರೆ ಕಪ್ಪು ಹೊಗೆ, ಮೇಲಿಂದ ಪೆಟ್ರೋಲ್ ಧಾರೆ! ಬೈದುಕೊಂಡು ಮತ್ತೆ ಮುಚ್ಚಳ ತೆಗೆದು, ಪೆಟ್ರೋಲ್ ಮಟ್ಟ ಇಳಿಯುವಂತೆ ಒಳಗೆ ತೇಲುವ ಬುರುಡೆಯ ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿದೆ. ಆಮೇಲೆ ಇಂಜಿನ್ ಮಗು ನಿದ್ದೆ ಮಾಡಿದಂತೆ ಓಡಿತು.

ಹೀಟರ್ ಪೈಪೇ ಹೆಚ್ಚು ಸತಾಯಿಸಿದ್ದು. ಹೊಸ ರಬ್ಬರು, ಕಟ್ಟಿಗೆಯಂತೆ ಬಿರುಸು. ಒಲೆಯ ಮೇಲೆ ನೀರು ಕಾಯಿಸಿ, ಪೈಪಿನ ತುದಿ ಅದ್ದಿ ಮೆದುವಾದ ಕೂಡಲೇ ಸೋಪು ಸವರಿ ಒತ್ತಿದೆ. ಕೈ ಸುಟ್ಟಿತು. ಆದರೂ ಕ್ಲಿಪ್ ಬಿಗಿಯುವವರೆಗೂ ಬಿಡಲಿಲ್ಲ. ಹೀಟರಿನ ನಲ್ಲಿ ತೆರೆದಿಟ್ಟೇ ನೀರು ತುಂಬಿಸಿ, ಗಾಳಿಯೆಲ್ಲ ಗುಳುಗುಳು ಎಂದು ಹೊರಗೆ ಹೋಗುವ ತನಕ ಕಾದೆ. ಕೊಣನೂರಿಗೆ ಹೋಗಿ ಬಂದೆ, ಒಂದು ತೊಟ್ಟೂ ಸೋರಲಿಲ್ಲ.

ವರಪೂಜೆಯ ದಿನ ಮಧ್ಯಾಹ್ನ ಹೊರಟೆವು. ಹಿಂದೆ ಮಗಳು ಮತ್ತು ಕಳಸ ಹಿಡಿದ ಅವಳ ಗೆಳತಿ, ಪಕ್ಕದಲ್ಲಿ ರೇಷ್ಮೆ ಪಂಚೆ ಉಟ್ಟು ಮಡಿಲಲ್ಲಿ ಹಣ್ಣುಕಾಯಿ ತಟ್ಟೆ ಇಟ್ಟುಕೊಂಡ ಭಾವ. ಹೊಳೆನರಸೀಪುರ ದಾಟುವವರೆಗೂ ಅವರು ಇಂಜಿನ್ನಿನ ಸದ್ದನ್ನೇ ಕೇಳುತ್ತಿದ್ದರು. ಅಲ್ಲಿಂದ ಮುಂದೆ ತೆಂಗಿನಕಾಯಿ ತುಂಬಿದ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡ ನಿಂತಿತ್ತು. ಒಂದೇ ಸಾಲಿನಲ್ಲಿ, ಆಮೆಯಂತೆ ಗಾಡಿಗಳು. ಇಂಜಿನ್ನಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯ ಕಡೆ ಏರತೊಡಗಿತು. ಭಾವ ನೋಡಿಬಿಟ್ಟರು.

"ಆಫ್ ಮಾಡವ್ವ, ತಣ್ಣಗಾಗ್ಲಿ."

"ಈಗ ಆಫ್ ಮಾಡಿದ್ರೆ ಕಾರ್ಬೊರೇಟರಲ್ಲಿರೋ ಪೆಟ್ರೋಲೇ ಕುದ್ದೋಗುತ್ತೆ ಭಾವ. ಮತ್ತೆ ಸ್ಟಾರ್ಟ್ ಆಗಲ್ಲ" ಎಂದು ಹೀಟರನ್ನು ಪೂರ್ತಿ ತಿರುಗಿಸಿದೆ.

ಬೆಂಕಿಯಂಥ ಗಾಳಿ ನೇರ ಅವರ ಕಾಲಿಗೆ ಹೊಡೆಯಿತು. ಭಾವ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡರು. ಕಾಲು ಮೇಲಿಡಲು ತಟ್ಟೆ ಬಿಡಲಿಲ್ಲ.

"ಏ, ಸುಡ್ತದೆ ಕಣವ್ವ! ಇದೇನಿದು?"

"ಸುಡ್ಲಿ ಭಾವ. ಗಾಡಿ ನಿಲ್ಲಬಾರದು ಅಂದೋರು ನೀವೇ ಅಲ್ವಾ?"

ಹಿಂದಿನಿಂದ ಮಗಳು ಕಿಸಕ್ಕನೆ ನಕ್ಕಳು. ಅವಳ ಮುಖದ ಬಣ್ಣವೆಲ್ಲ ಇಳಿಯುತ್ತಿತ್ತು, ನನ್ನ ಬೆನ್ನು ಸೀಟಿಗೆ ಅಂಟಿತ್ತು. ಮುಳ್ಳು ಅಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಇಳಿಯಿತು. ಲಾರಿ ದಾಟಿದೆವು. ಖುಷಿಗೆ ನಾನು ಬೇಕೆಂದೇ ಹಾರ್ನ್ ಹೊಡೆದೆ.

ಛತ್ರದ ಬಾಗಿಲಲ್ಲಿ ಗಂಡಿನ ಕಡೆಯವರು ಆರತಿ ಹಿಡಿದು ನಿಂತಿದ್ದರು. ಇಳಿದು ಮಗಳ ಬಾಗಿಲು ತೆಗೆದೆ. ಯಾರೋ ಭಾವನನ್ನು, "ದಾರೀಲಿ ಏನೂ ತೊಂದ್ರೆ ಆಗ್ಲಿಲ್ವ?" ಎಂದು ಕೇಳಿದರು. ಭಾವ ಕಾಲು ನೀವಿಕೊಳ್ಳುತ್ತ, "ಎಲ್ಲೂ ನಿಲ್ನಿಲ್ಲ" ಎಂದರು. ನಿಜ ಹೇಳಲೇಬೇಕಾಗಿತ್ತು, ಹೇಳಿದರು.

ಆರತಿ ಹಿಡಿದ ಹಿರಿಯಾಕೆ ನನ್ನ ಕೊರಳು ನೋಡಿ, ಮೆಲ್ಲಗೆ, "ನೀವು ವಸಿ ಇಂದಕ್ಕೆ ಸರ್ಕಳಿ" ಎಂದರು.

"ಇವಳನ್ನ ಅರಕಲಗೂಡಿಂದ ಇಲ್ಲೀಗಂಟ ಕರ್ಕಂಡು ಬಂದೋಳು ನಾನು. ಇಲ್ಲೇ ನಿಲ್ತೀನಿ. ನೀವು ಎತ್ತಿ" ಎಂದೆ.

ಆಕೆ ಭಾವನ ಕಡೆ ನೋಡಿದರು. ಭಾವ ನೆಲ ನೋಡಿದರು. ಆಕೆ ಆರತಿ ಎತ್ತಿದರು. ತಟ್ಟೆ ಮಗಳ ಮುಂದೆ ಸುತ್ತುವಾಗ ನಾನು ಅವಳ ಪಕ್ಕದಲ್ಲೇ ಇದ್ದೆ. ಸುತ್ತಿ ನಿಂತ ಕೂಡಲೇ, ಯಾರೂ ಬೆರಳು ಅದ್ದುವ ಮೊದಲು ನಾನು ಆ ಕೆಂಪು ನೀರಿಗೆ ಬೆರಳು ಅದ್ದಿದೆ. ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಹೋಗಿರಲಿಲ್ಲ. ಗುಂಪಿನಲ್ಲಿ ಯಾರೋ "ಅಯ್ಯೋ" ಎಂದರು. ಮಗಳು ತಲೆ ಬಗ್ಗಿಸಿ ಹಣೆಯನ್ನು ನನ್ನ ಕೈ ಹತ್ತಿರಕ್ಕೆ ತಂದಳು. ಇಟ್ಟೆ.